ಕಂಡಿಸೀಮೆಗೆ ಹೋದವರ ಚರಿತ್ರೆ

ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದ ಕೆಂಪನಂಜಪ್ಪನವರು ಮುಳ್ಳೂರಿನವರು. ಮನೆತನಕ್ಕೆ ಗದ್ದೆ ಇತ್ತು, ಅಣ್ಣಂದಿರು ಬೇಸಾಯ ನೋಡಿಕೊಳ್ಳುತ್ತಿದ್ದರು. ಓದಿನ ಹುಚ್ಚು ಹಿಡಿದದ್ದು ಇವರೊಬ್ಬರಿಗೆ. ಆಗಿನ್ನೂ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದಲ್ಲಿತ್ತು, ಜಿಲ್ಲೆ ಕೊಯಮತ್ತೂರು. ಹಾಗಾಗಿ ಕಾಲೇಜು ಓದಿದ್ದು ಕೊಯಮತ್ತೂರಿನಲ್ಲಿ, ಮೇಷ್ಟ್ರ ತರಬೇತಿ ಪಡೆದದ್ದು ಮದರಾಸಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷು. ಮೂರೂ ಅವರ ಬಾಯಲ್ಲಿ ಸಲೀಸಾಗಿ ಹೊರಳುತ್ತಿದ್ದವು.

1956ರ ನವೆಂಬರಿನಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಪೇಟೆಯಲ್ಲಿ ಸಿಹಿ ಹಂಚಿದರು, ಶಾಲೆಯ ಮುಂದೆ ಹೊಸ ಬೋರ್ಡು ಬಂತು. ಇನ್ನು ಅರ್ಜಿಗಳನ್ನಾದರೂ ಕನ್ನಡದಲ್ಲಿ ಬರೆಯಬಹುದು ಎಂದು ಕೆಂಪನಂಜಪ್ಪನವರೂ ಸಂತೋಷಪಟ್ಟರು. ಆ ಸಂತೋಷ ಬೇಸಗೆಯವರೆಗೂ ಉಳಿಯಲಿಲ್ಲ. ಮದರಾಸಿನ ತರಬೇತಿಗೆ ಇಲ್ಲಿ ಯಾವ ದರ್ಜೆ ಎಂಬ ಪ್ರಶ್ನೆ ಎದ್ದಿತು. ಉತ್ತರ ಬರುವುದರೊಳಗೆ ಅವರಿಗಿಂತ ಕಿರಿಯರಿಬ್ಬರು ಅವರ ತಲೆಯ ಮೇಲೆ ಬಂದು ಕೂತಿದ್ದರು.

ಅದನ್ನಾದರೂ ಅವರು ನುಂಗಿಕೊಂಡರು. ಮನಸ್ಸಿಗೆ ಚುಚ್ಚಿದ್ದು ಹೊಸ ಪಠ್ಯಪುಸ್ತಕ. ಹಳೆಯದರಲ್ಲಿ ಮದರಾಸಿನ ಕೋಟೆ ಇತ್ತು, ಕೊಯಮತ್ತೂರಿನ ಹತ್ತಿ ಮಿಲ್ಲು ಇತ್ತು, ಕೊಳ್ಳೇಗಾಲ ಇರಲಿಲ್ಲ. ಹೊಸದರಲ್ಲಿ ಮೈಸೂರಿನ ಅರಮನೆ ಇತ್ತು, ಕೊಳ್ಳೇಗಾಲ ಇದರಲ್ಲೂ ಇರಲಿಲ್ಲ. ನೂರೈವತ್ತು ವರ್ಷದ ಹಿಂದೆಯೇ ಈ ತಾಲ್ಲೂಕನ್ನು ಕಳೆದುಕೊಂಡಿದ್ದ ದೊರೆಗಳ ವಂಶಾವಳಿಯನ್ನು ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಿತ್ತು.

ಒಂದು ಸಂಜೆ ಜಗಲಿಯ ಮೇಲೆ ಪುಸ್ತಕ ಮಗುಚಿಟ್ಟು ಕೂತಿದ್ದವರನ್ನು ಹೆಂಡತಿ ಪುಟ್ಟಬಸಮ್ಮ ಕೇಳಿದರು. ಅವರ ತೌರು ಯಳಂದೂರಿನ ಕಡೆ.

"ಏನ್ರಿ, ಅಂಗ್ಯಾಕ ಕೂತಿದ್ದರಿ?"

"ನಮ್ಮೂರಿನ ಚರಿತ್ರೆ ಎಲ್ಲೂ ಇಲ್ವಲ್ಲ ಅಂತ."

"ಇಲ್ದೆ ಏನು? ನಮ್ಮಪ್ಪ ತಂದ ಮದ್ವ ಅಕ್ಕಿಯ ಗಡಿಲಿ ಇಡ್ಕಂಡ್ರಲ್ಲ, ಅದು ಚರಿತ್ರ ಅಲ್ವಾ? ಧಾರ ಊಟಕ್ಕ ಮುದ್ದ ಬಡ್ಸಿದ್ದು ಈ ಸೀಮೆಲಿ ನನ್ನ ಮದ್ವಲಿ ಮಾತ್ರವ."

ಅವರ ಮದುವೆ ನಡೆದದ್ದು ಯುದ್ಧದ ಕಾಲದಲ್ಲಿ. ಯಳಂದೂರು ಮೈಸೂರು ಸಂಸ್ಥಾನಕ್ಕೆ, ಕೊಳ್ಳೇಗಾಲ ಬ್ರಿಟಿಷರಿಗೆ ಸೇರಿತ್ತು. ನಡುವೆ ಒಂದು ಹೊತ್ತಿನ ಗಾಡಿ ದಾರಿ, ಆದರೆ ಅಕ್ಕಿ ಆ ಕಡೆಯಿಂದ ಈ ಕಡೆಗೆ ಬರಕೂಡದು ಎಂದು ಕಾವಲು ಹಾಕಿದ್ದರು. ಇಷ್ಟು ವರ್ಷ ಮನೆಯಲ್ಲಿ ನಗೆಚಾಟಿಕೆಯಾಗಿದ್ದ ಸಂಗತಿ ಅವತ್ತು ಕೆಂಪನಂಜಪ್ಪನವರಿಗೆ ಬೇರೆಯೇ ಆಗಿ ಕಂಡಿತು. ಮುಂದಿನ ಭಾನುವಾರ ಯಳಂದೂರಿಗೆ ಹೋಗಿ ಮಾವನನ್ನು ಕೇಳಿದರು. ಒಂದೇ ಗಾಡಿ ಅಕ್ಕಿ, ಅದನ್ನೂ ಕಾವಲಿನವರು ದೋಚಿಕೊಂಡರು ಎಂದರು ಮಾವ. ಅದರ ಮರುವಾರ ಮಧುವನಹಳ್ಳಿಯಲ್ಲಿದ್ದ ಹಳೆಯ ಕಾವಲುಗಾರನನ್ನು ಹುಡುಕಿಕೊಂಡು ಹೋದರು. ಗಾಡಿ ಒಂದಲ್ಲ, ಮೂರು, ಹಿಂದಿನ ಎರಡು ಮಂಡಿ ಸಾಹುಕಾರನವು, ಮದುವೆಯ ಹೆಸರಿನಲ್ಲಿ ದಾಟುತ್ತಿದ್ದವು ಎಂದ ಅವನು. ಮತ್ತೆ ಹೋಗಿ ಕೇಳಿದಾಗ ಮಾವ, "ಊ ಕನಪ್ಪ, ಮೂರಿದ್ವು" ಎಂದು ಒಪ್ಪಿಕೊಂಡರು.

ಅಲ್ಲಿಂದ ಕೆಂಪನಂಜಪ್ಪನವರಿಗೆ ಒಂದು ದಾರಿ ಸಿಕ್ಕಿತು. ಗೆರೆಯ ಒಂದೇ ಬದಿಯಲ್ಲಿ ನಿಂತು ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಒಂದೇ ಸಂಗತಿಯನ್ನು ಎರಡೂ ಬದಿಯಲ್ಲಿ ಕೇಳಬೇಕು, ಎರಡೂ ಕಡೆ ತಾಳೆಯಾದದ್ದನ್ನು ಬರೆಯಬೇಕು. ದೊರೆಗಳನ್ನು ಬಿಟ್ಟು ಓಡಾಡಿದ ಜನರ ಹಿಂದೆ ಹೋಗಬೇಕು. ಅವರು ಎಲ್ಲಿಗೆ ಹೋದರೋ ಚರಿತ್ರೆಯೂ ಅಲ್ಲಿಗೇ ಹೋಗಬೇಕು. ಇನ್ನೊಂದು ಹಟವೂ ಅವರಿಗಿತ್ತು. ದೊರೆಗೆ ಹೆಸರಿದ್ದ ಹಾಗೆ ಕೂಲಿಯವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿರುತ್ತದೆ, ಅದನ್ನು ಬರೆಯಲೇಬೇಕು. "ಕೆಲವು ಕೂಲಿಗಳು" ಎಂದು ಬರೆದವನು ಚರಿತ್ರೆಕಾರನೇ ಅಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು. ಮಿಕ್ಕವರು ಅವರಿಗೆ 'ಗಡಿ ಮೇಷ್ಟ್ರು' ಎಂದು ಹೆಸರಿಟ್ಟು ನಗುತ್ತಿದ್ದರು.

ಹನೂರು, ರಾಮಾಪುರ ದಾಟಿ ಕಾಡಂಚಿನ ಹೂಗ್ಯಂಗೆ ಅವರು ಮೊದಲು ಹೋದದ್ದು 1958ರ ದಸರಾ ರಜೆಯಲ್ಲಿ. ಅಲ್ಲಿಂದ ಗರಿಕೆಕಂಡಿ ದಾಟಿದರೆ ಬರಗೂರು ಬೆಟ್ಟ. ಅಲ್ಲಿಯ ಜನರದೂ ಕನ್ನಡವೇ, ನೆಂಟಸ್ತಿಕೆಯೂ ಇತ್ತು. ಈಗ ಆ ಬೆಟ್ಟ ಮದರಾಸಿನಲ್ಲಿ, ಈ ಊರು ಮೈಸೂರಿನಲ್ಲಿ. ಯಳಂದೂರಿನ ದಾರಿಯಲ್ಲಿ ಅಳಿಸಿದ ಗೆರೆಯನ್ನು ತಂದು ಇಲ್ಲಿ ಎಳೆದಿದ್ದರು.

ಹೂಗ್ಯಂನಲ್ಲಿ ಅಂಗಳದಲ್ಲಿ ಕೂತು ಹುರುಳಿ ಕೇರುತ್ತಿದ್ದ ಚಿಕ್ಕಮಾದಮ್ಮ ಎಂಬ ವಯಸ್ಸಾದ ಹೆಂಗಸು ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಊರು ಬಿಟ್ಟು ಹೋದವರು ಯಾರಾದರೂ ಉಂಟೇ ಎಂದು ಕೇಳಿದಾಗ ಅವಳ ಮೊರ ನಿಂತಿತು.

"ನಮ್ಮಣ್ಣ ನಿಂಗಯ್ಯ ಓದ ಕನಿ ಮೇಷ್ಟ್ರೆ. ಎತ್ತಿನ ವಿಸ್ಯಕ್ಕ ಅಪ್ಪನ್ ಜತ ಜಗಳ ಆಡ್ಕಂಡು ಕಂಡಿಗ ಓದ. ಯಾರೋ ರುಮಾಲಿನವ್ನು ಬಂದು ಕರ್ಕಂಡು ಓದ. ನಂಗಾಗ ಇನ್ನೂವ ಆಲಲ್ಲು ಬಿದ್ದಿರ್ನಿಲ್ಲ."

"ಯಾವ ಕಂಡಿ? ಇದೇ ಗರಿಕೆಕಂಡಿನಾ?"

"ಕಂಡಿ ಅಂದ್ರ ಕಂಡಿ. ನಾನೇನ್ ಕಂಡಿದ್ದನ?"

ಬೆಟ್ಟದ ಸಂದಿಗೆ ಈ ಕಡೆಯವರು ಕಂಡಿ ಎನ್ನುತ್ತಾರೆ. ಕೆಂಪನಂಜಪ್ಪನವರು ಗರಿಕೆಕಂಡಿಯ ಗೇಟು ದಾಟಿ ಬರಗೂರಿನ ಊರೂರಲ್ಲಿ ನಿಂಗಯ್ಯನನ್ನು ಕೇಳುತ್ತ ಅಲೆದರು. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ದನ ಕಟ್ಟುತ್ತಿದ್ದ ಮುದುಕನೊಬ್ಬ ಬಿದ್ದು ಬಿದ್ದು ನಕ್ಕ.

"ಈ ಕಂಡಿ ಅಲ್ಲ ಸ್ವಾಮಿ, ಸಮುದ್ರದಾಚ ಕಂಡಿ! ಸಿಲೋನು. ಟೀ ತೋಟ. ಕಂಗಾಣಿಗೋಳು ಬಂದು ಜನಗೋಳ ಕರ್ಕಂಡು ಓಗ್ತಿದ್ರಲ್ಲ, ಕಂಡಿಸೀಮಗ. ನಮ್ಮೂರಿಂದ್ಲೂ ಓಗವ್ರ."

ಬೆಟ್ಟ ಇಳಿಯುವಾಗ ಕೆಂಪನಂಜಪ್ಪನವರಿಗೆ ನಾಚಿಕೆಯೂ ಆಗುತ್ತಿತ್ತು, ಮೈ ಜುಮ್ಮೆನ್ನುತ್ತಲೂ ಇತ್ತು. ಹೂಗ್ಯಂನ ಒಬ್ಬ ರೈತನ ಚರಿತ್ರೆ ಹುಡುಕಿದರೆ ಅದು ಸಮುದ್ರ ದಾಟುತ್ತದೆ! ಮತ್ತೆ ಹೋಗಿ ಚಿಕ್ಕಮಾದಮ್ಮನನ್ನು ಕೇಳಿದರು. ಅವಳಿಗೆ ಮಾತು ಬಿಚ್ಚಿಕೊಂಡಿತು.

"ಒಂದ್ಸಲ ಬಂದಿದ್ದ, ದೊಡ್ಡ ಯುದ್ದ ನಡೀತಿತ್ತಲ್ಲ ಆಗ. ಮಗ ಮಾದಣ್ಣನ್ಗ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡ್ಸಕ್ಕ ಅಂತ. ತಿರ್ಗ ಓಗಕ್ಕ ಓದ್ರ ಸಮುದ್ರ ದಾಟಕ್ಕ ಅಪ್ಣ ಕೊಡ್ನಿಲ್ಲ. ಒಂದು ವರ್ಸ ಕಳ್ದು, ಎರಡ್ನೇ ರಾಗಿ ಕುಯ್ಯೋಗಂಟ ಇಲ್ಲೇ ಇದ್ರು. ಅಮ್ಯಾಕ ಓದೋರು ಓದ್ರು."

ಇದನ್ನೇ ವಿಷಯವಾಗಿಟ್ಟುಕೊಂಡು ಸಂಶೋಧನೆ ಮಾಡಬೇಕೆಂದು ಕೆಂಪನಂಜಪ್ಪನವರು ಮೈಸೂರು ರಾಜ್ಯದ ಒಬ್ಬ ಪ್ರೊಫೆಸರರ ಬಳಿ ಹೋದರು. ಆ ಕಾಲದಲ್ಲಿ ನಿಮ್ಮ ತಾಲ್ಲೂಕು ಮದರಾಸಿನಲ್ಲಿತ್ತು, ಇದು ನಮ್ಮ ಚರಿತ್ರೆಯಲ್ಲ ಎಂದರು ಅವರು. ಮದರಾಸು ರಾಜ್ಯದ ಇನ್ನೊಬ್ಬ ಪ್ರೊಫೆಸರರ ಬಳಿ ಹೋದಾಗ, ನಿಮ್ಮ ತಾಲ್ಲೂಕು ಈಗ ನಮ್ಮದಲ್ಲವಲ್ಲ ಎಂದರು. ಒಬ್ಬರು ಕಾಫಿ ಕೊಟ್ಟಿದ್ದರು, ಇನ್ನೊಬ್ಬರು ಕೊಡಲಿಲ್ಲ. ಕೂಲಿಗಳದು ಚರಿತ್ರೆ ಹೇಗಾಗುತ್ತದೆ ಎಂದು ಇಬ್ಬರೂ ಕೇಳಿದರು.

ಕೊನೆಗೆ ಕೆಂಪನಂಜಪ್ಪನವರು ತಮ್ಮ ಪಾಡಿಗೆ ತಾವೇ ಹೊರಟರು. ಪಾಸ್‌ಪೋರ್ಟಿಗಾಗಿ ಅಲೆದು, 1961ರ ಬೇಸಗೆ ರಜೆಯಲ್ಲಿ ಧನುಷ್ಕೋಡಿಯಲ್ಲಿ ಹಡಗು ಹತ್ತಿದರು. ಹೊರಡುವ ಮುಂಚೆ ಹೂಗ್ಯಂಗೆ ಹೋದಾಗ ಚಿಕ್ಕಮಾದಮ್ಮ ಒಂದು ಗಂಟು ರಾಗಿಹಿಟ್ಟು ಕೊಟ್ಟು, "ನಮ್ಮಣ್ಣ ಇದ್ರ ಕೊಡಿ. ಇಲ್ದಿದ್ರ ಅವನ ಮಕ್ಕಳ್ಗ ಕೊಡಿ" ಎಂದಿದ್ದಳು.

ಸಿಲೋನಿನ ಬೆಟ್ಟದ ಮೇಲಿನ ಹ್ಯಾಟನ್ ಸೀಮೆಯಲ್ಲಿ ತೋಟ ತೋಟ ಕೇಳುತ್ತ ಹೋದಾಗ ಒಂದು ಕಡೆ ಮಾದಣ್ಣ ಸಿಕ್ಕಿದ. ನಿಂಗಯ್ಯ ಸತ್ತು ಬಹಳ ಕಾಲವಾಗಿತ್ತು. ಮಾದಣ್ಣನ ಹೆಂಡತಿ ತಿರುಚ್ಚಿ ಕಡೆಯಿಂದ ಬಂದ ಕೂಲಿಯವರ ಮಗಳು; ಇಬ್ಬರೂ ತೋಟದಲ್ಲೇ ಹುಟ್ಟಿದವರು. ಉದ್ದಕ್ಕೆ ಸಾಲಾಗಿ ಕಟ್ಟಿದ ಕೂಲಿ ಮನೆಗಳಲ್ಲಿ ಒಂದು ಕೋಣೆ ಅವರದು. ಮಾತು ತಮಿಳಿನಲ್ಲೇ ನಡೆಯಿತು. ಮಾದಣ್ಣನಿಗೆ ಕನ್ನಡ ಒಡಕು ಒಡಕಾಗಿ ಬರುತ್ತಿತ್ತು, ಬೈಗುಳ ಮಾತ್ರ ಅಚ್ಚ ಹೂಗ್ಯಂನವು. ರಾಗಿಹಿಟ್ಟಿನ ಮುದ್ದೆ ಮಾಡಿಸಿದರೆ ಮಕ್ಕಳು ಮುಟ್ಟಲಿಲ್ಲ. ಅವನೊಬ್ಬನೇ ತಿಂದ. ಹತ್ತು ವರ್ಷದ ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದ, ಕೆಂಪಾಜಮ್ಮ ಎಂದು. ಅವಳು ತೋಟದ ಶಾಲೆಯಲ್ಲಿ ಎಲ್ಲರಿಗಿಂತ ಮುಂದು.

"ಇವಳನ್ನು ಟೀಚರ್ ಮಾಡಬೇಕು ಅಂತಿದ್ದೇನೆ," ಎಂದ ಮಾದಣ್ಣ. "ಸಿಲೋನಿನ ಪ್ರಜೆ ಅಂತ ಮಾಡಿಕೊಳ್ಳಿ ಎಂದು ಅರ್ಜಿ ಹಾಕಿದ್ದೇನೆ. ಹತ್ತು ವರ್ಷ ಆಯಿತು, ವಿಚಾರಣೆ ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಅದೊಂದು ಆದರೆ ಇವಳಿಗೆ ದಾರಿ."

ಒಂದು ವಾರ ಕೆಂಪನಂಜಪ್ಪನವರು ಅಲ್ಲೇ ಉಳಿದು, ಕೆಲಸ ಮುಗಿದ ಮೇಲೆ ಕೇಳುತ್ತ, ಬರೆದುಕೊಳ್ಳುತ್ತ ಕಳೆದರು. ಯುದ್ಧದ ಕಾಲದಲ್ಲಿ ಹೂಗ್ಯಂಗೆ ಬಂದು ಉಳಿದ ಸಂಗತಿ ಎತ್ತಿದಾಗ ಮಾದಣ್ಣ ಹೆಂಡತಿಯ ಮುಖ ನೋಡಿದ. ಅವಳು ಎದ್ದು ಒಳಗೆ ಹೋದಳು.

"ಅದೆಲ್ಲ ಈಗ ಯಾಕೆ ಮೇಷ್ಟ್ರೆ?"

"ನಿಮ್ಮತ್ತೆ ಹೇಳಿದರು. ನಿಜವೋ ಅಲ್ಲವೋ ಅಷ್ಟು ಹೇಳಿ ಸಾಕು."

"ಅತ್ತೆ ಹೇಳಿದರೆ ನಿಜವೇ," ಎಂದು ಹೇಳಿ ಮಾದಣ್ಣ ಬೀಡಿ ಹಚ್ಚಿಕೊಂಡ.

ಊರಿನಲ್ಲಿ ನೆಂಟರ ಮನೆಯಲ್ಲಿ ಬಿದ್ದುಕೊಂಡಿದ್ದ ದಿನಗಳು ಅವನಿಗೆ ಅವಮಾನ ಎನಿಸುತ್ತಿರಬೇಕು ಎಂದು ಕೆಂಪನಂಜಪ್ಪನವರು ಅರ್ಥ ಮಾಡಿಕೊಂಡರು. ಎರಡೂ ದಡದಲ್ಲಿ ಮಾತು ತಾಳೆಯಾಗಿತ್ತು. ಅವರಿಗೆ ಬೇಕಾದದ್ದು ಅದು.

ವಾಪಸು ಬಂದವರು ಮಳೆಗಾಲವೆಲ್ಲ ಕೂತು ಇಂಗ್ಲಿಷಿನಲ್ಲಿ ದೊಡ್ಡ ಲೇಖನ ಬರೆದರು. ಹೋದವರು ಹೋಗಿಯೇಬಿಟ್ಟರು ಎಂದು ಈವರೆಗೆ ಬರೆದದ್ದು ತಪ್ಪು, ಅವರು ಎರಡೂ ದಡದಲ್ಲಿ ಬದುಕುತ್ತಿದ್ದರು, ಒಂದು ದೇಶದ ಕಾಗದ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ನಿದರ್ಶನವೆಂದರೆ ಹೂಗ್ಯಂನ ನಿಂಗಯ್ಯನ ಮಗ ಮಾದಣ್ಣ ಮುಡಿ ಕೊಡಲು ಬಂದು ವರ್ಷ ದಾಟುವವರೆಗೆ ಊರಿನಲ್ಲೇ ಉಳಿದದ್ದು. ಹೆಸರು, ಊರು, ತೋಟ ಎಲ್ಲವನ್ನೂ ಬರೆದರು. ಮದರಾಸಿನ ಒಂದು ತ್ರೈಮಾಸಿಕ ಅದನ್ನು ಅಚ್ಚು ಹಾಕಿತು. ವಿಲಾಯತಿಯ ಒಬ್ಬ ವಿದ್ವಾಂಸರು ಮೆಚ್ಚಿ ಎರಡು ಸಾಲು ಬರೆದರು. ಹೆಡ್ ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಓದಿ ಹೇಳಿದರು. ಅವತ್ತು ಗಡಿ ಮೇಷ್ಟ್ರು ಎಂದು ಯಾರೂ ಅನ್ನಲಿಲ್ಲ. ಚಿಕ್ಕಮಾದಮ್ಮನಿಗೆ ಪುಸ್ತಕದ ಪುಟ ತೋರಿಸಿ, ಇದು ನಿಮ್ಮಣ್ಣನ ಹೆಸರು ಎಂದಾಗ ಅವಳು ಬೆರಳಿನಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೆಂಪನಂಜಪ್ಪನವರ ಬದುಕಿನಲ್ಲಿ ಅಷ್ಟು ಸಂತೋಷದ ವರ್ಷ ಇನ್ನೊಂದು ಬರಲಿಲ್ಲ.

ಮಾದಣ್ಣನಿಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಓದು ಬಾರದವನು, ಬರೆಸಲು ಪುರಸೊತ್ತಿಲ್ಲವೇನೋ ಎಂದುಕೊಂಡರು. 1964ರಲ್ಲಿ ಭಾರತಕ್ಕೂ ಸಿಲೋನಿಗೂ ಒಪ್ಪಂದವಾಗಿ, ತೋಟದ ಜನರಲ್ಲಿ ಇಷ್ಟು ಲಕ್ಷ ನಿಮಗೆ, ಇಷ್ಟು ಲಕ್ಷ ನಮಗೆ ಎಂದು ಎರಡು ಸರ್ಕಾರಗಳು ಹಂಚಿಕೊಂಡವು. ಪತ್ರಿಕೆಯಲ್ಲಿ ಅದನ್ನು ಓದಿ ಕೆಂಪನಂಜಪ್ಪನವರು ಕ್ಲಾಸಿನಲ್ಲಿ ಕಿಡಿಕಾರಿದರು. ಅದೇ ವರ್ಷದ ಕೊನೆಗೆ ಬಿರುಗಾಳಿ ಬಂದು ಧನುಷ್ಕೋಡಿಯೇ ಕೊಚ್ಚಿಹೋಯಿತು. ಮಾದಣ್ಣನ ಅರ್ಜಿ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ, ಅವನಿಗೆ ಭಯವಿಲ್ಲ ಎಂದು ಅವರು ಹೆಂಡತಿಗೆ ಹೇಳಿದ್ದರು. ಕೆಲವು ವರ್ಷದ ಮೇಲೆ ಚಿಕ್ಕಮಾದಮ್ಮ ತೀರಿಕೊಂಡಳು.

1972ರ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಹನೂರಿನ ಕಡೆ ಮೇಷ್ಟ್ರಾಗಿದ್ದ ಹಳೆಯ ಶಿಷ್ಯನೊಬ್ಬ ಪೇಟೆಯಲ್ಲಿ ಸಿಕ್ಕಿದ.

"ಸಾ, ಊಗ್ಯಂಗ ಸಿಲೋನಿನವ್ರು ಬಂದವ್ರ. ಗಂಡ ಎಂಡ್ತಿ, ದೊಡ್ಡ ಮಗಳು, ಒಬ್ಬ ಮಗ. ಮಾದಣ್ಣ ಅಂತ ಎಸ್ರು. ನಿಮ್ಮ ಕೇಳ್ತಿದ್ರು."

ಕೆಂಪನಂಜಪ್ಪನವರು ಮಾರನೆಯ ದಿನವೇ ರಜ ಹಾಕಿ ಹೊರಟರು. ಲೇಖನವಿದ್ದ ಸಂಚಿಕೆಯನ್ನೂ ಒಂದು ಪೊಟ್ಟಣ ಸಿಹಿಯನ್ನೂ ಚೀಲದಲ್ಲಿಟ್ಟುಕೊಂಡಿದ್ದರು. ತಾವು ಬರೆದ ಚರಿತ್ರೆ ಕಣ್ಣ ಮುಂದೆ ಇನ್ನೊಂದು ಸುತ್ತು ತಿರುಗಿದೆ ಎಂಬ ಒಂದು ಬಗೆಯ ಉತ್ಸಾಹ ಬಸ್ಸಿನಲ್ಲಿ ಅವರಿಗಿತ್ತು. ಹನೂರಿನಲ್ಲಿ ಇಳಿದು ಬೇರೆ ಬಸ್ಸು ಹತ್ತುವಾಗಲೂ ಅದು ಇತ್ತು.

ಚಿಕ್ಕಮಾದಮ್ಮನ ಮಗ ಪುಟ್ಟಸಿದ್ದಯ್ಯ ಸಿಲೋನಿನವರನ್ನು ಮನೆಯೊಳಗೆ ಸೇರಿಸಿರಲಿಲ್ಲ. ದನದ ಕೊಟ್ಟಿಗೆಯ ಪಕ್ಕದ ಸೋಗೆಯ ಚಪ್ಪರದಲ್ಲಿ ನಾಲ್ಕು ಟ್ರಂಕುಗಳ ನಡುವೆ ಕೂತಿದ್ದರು. ಮಾದಣ್ಣನ ತಲೆ ನೆರೆತಿತ್ತು. ಮೇಷ್ಟ್ರನ್ನು ನೋಡಿ ಎದ್ದು ನಿಂತ. ಅಕ್ಕಪಕ್ಕದವರು ಸೇರಿದ್ದರು.

"ವಾಂಗ, ಬನ್ನಿ ಮೇಷ್ಟ್ರೆ," ಎಂದ, ತಮಿಳು ಬೆರೆತ ಕನ್ನಡದಲ್ಲಿ. "ನೀವು ಬರ್ದಂಗೇ ಆಯ್ತು. ಬಂದುಬಿಟ್ಟೆ."

"ಅರ್ಜಿ ಏನಾಯ್ತು ಮಾದಣ್ಣ?"

"ನಿಮಗೆ ತೆರಿಯಾದಾ? ಗೊತ್ತಿಲ್ವಾ?" ಮಾದಣ್ಣ ನಿಜವಾಗಿಯೂ ಆಶ್ಚರ್ಯಪಟ್ಟ. "ನೀವು ಬಂದು ಹೋದ ಮುಂದಿನ ವರ್ಷ ವಿಚಾರಣೆ ಬಂತು. ಆಪೀಸರ್ ಮದರಾಸಿಂದ ಬಂದ ಒಂದು ಪುಸ್ತಕ ತೆಗೆದ್ರು. ಇಂಗ್ಲೀಷು. ದುಬಾಸಿ ತಮಿಳಲ್ಲಿ ಹೇಳ್ದ. ನಮ್ಮಪ್ಪನ ಪೇರು, ನನ್ನ ಪೇರು, ಹೂಗ್ಯಂ. ಯುದ್ಧದಲ್ಲಿ ಒಂದು ವರ್ಷಕ್ಕೂ ಜಾಸ್ತಿ ಇಂಡಿಯಾದಲ್ಲಿ ಇದ್ದೆ ಅಂತ. ನಿಜವಾ ಅಂದ್ರು."

ಸಿಲೋನಿನ ಕಾನೂನು ಕೆಂಪನಂಜಪ್ಪನವರಿಗೆ ಆಮೇಲೆ ಪೂರ್ತಿ ತಿಳಿಯಿತು, ಆದರೆ ಮಾದಣ್ಣನ ಎರಡನೆಯ ಮಾತಿಗೇ ಅದರ ತಿರುಳು ಹೊಳೆದಿತ್ತು. ಎಡೆಬಿಡದೆ ಸಿಲೋನಿನಲ್ಲೇ ವಾಸವಿದ್ದೆ ಎಂದು ಅರ್ಜಿದಾರ ರುಜುವಾತು ಮಾಡಬೇಕು. ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿಯಿತು, ಅರ್ಜಿ ಬಿತ್ತು. ಹಾಗೆ ಅರ್ಜಿ ಬಿದ್ದವರೇ ಬಹುಮಟ್ಟಿಗೆ ಆಮೇಲಿನ ಒಪ್ಪಂದದಲ್ಲಿ ಭಾರತದ ಪಾಲಿಗೆ ಬಂದದ್ದು. ಮಾದಣ್ಣ ಎಲ್ಲಿಗೂ ಹೋಗಿಲ್ಲವೆಂದು ಬರೆಸಿದ್ದ. ಅದು ಸುಳ್ಳೆಂದು ಹೇಳಬಲ್ಲ ಕಾಗದ ಯಾವ ಕಚೇರಿಯಲ್ಲೂ ಇರಲಿಲ್ಲ, ಕೆಂಪನಂಜಪ್ಪನವರು ಬರೆಯುವ ತನಕ.

"ನೀನೇನಂದೆ?"

"ನಿಜ ಅಂದೆ. ಬೇರೆ ಏನ್ ಅನ್ಲಿ? ನಮ್ಮತ್ತೆ ಸುಳ್ಳು ಹೇಳಿದ್ಳು ಅನ್ಲಾ? ನೀವು ಸುಳ್ಳು ಬರ್ದ್ರಿ ಅನ್ಲಾ?"

"ನಂಗೆ ಗೊತ್ತಿರ್ಲಿಲ್ಲ ಮಾದಣ್ಣ. ದೇವರಾಣೆ ಗೊತ್ತಿರ್ಲಿಲ್ಲ."

"ಎಪ್ಪಡಿ ಗೊತ್ತಿರುತ್ತೆ? ಒಂದು ವಾರ ಕೂತು ಎಲ್ಲಾ ಕೇಳಿದ್ರಿ. ನಮ್ಮಪ್ಪ ಯಾವ ದಾರಿಲಿ ಬಂದ, ಯಾವ ಪಾಟು ಹಾಡ್ತಿದ್ದ, ಎಲ್ಲಾ. ನಂಗೆ ಏನು ಭಯ ಅಂತ ಮಾತ್ರ ಕೇಳ್ಳಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಾದಣ್ಣ ಬೈಯಲಿಲ್ಲ. ಹೆಂಡತಿಗೆ ಹೇಳಿ ಸಕ್ಕರೆಯಿಲ್ಲದ ಚಹಾ ಮಾಡಿಸಿ ಕೊಟ್ಟ. ಮಗಳು ಕೆಂಪಾಜಮ್ಮ ಟ್ರಂಕಿನ ಮೇಲೆ ಕೂತು ಮೇಷ್ಟ್ರನ್ನೇ ನೋಡುತ್ತಿದ್ದಳು. ಸಿಹಿಯ ಪೊಟ್ಟಣವನ್ನು ಕೆಂಪನಂಜಪ್ಪನವರು ಚೀಲದಿಂದ ತೆಗೆಯಲೇ ಇಲ್ಲ.

ಮಾಡಿದ್ದಕ್ಕೆ ಏನಾದರೂ ಪರಿಹಾರ ಮಾಡಬೇಕೆಂದು ಅವರು ಅವತ್ತೇ ನಿಶ್ಚಯಿಸಿದರು. ನಿಂಗಯ್ಯನ ಪಾಲಿಗೆ ಬಂದಿದ್ದ ಒಂದು ತುಂಡು ಹೊಲವನ್ನು ಪುಟ್ಟಸಿದ್ದಯ್ಯ ಉಳುತ್ತಿದ್ದ. ಅದರಲ್ಲಿ ಗುಡಿಸಲು ಹಾಕಿಕೊಳ್ಳುವಷ್ಟಾದರೂ ಮಾದಣ್ಣನಿಗೆ ಕೊಡಿಸೋಣ ಎಂದು ಊರಿನ ನಾಲ್ಕು ಜನರನ್ನು ಸೇರಿಸಿದರು. ಹುಣಸೆ ಮರದ ಕೆಳಗೆ ಪಂಚಾಯಿತಿ ಕೂತಿತು.

"ಇವ್ನು ನಮ್ಮ ಸ್ವಾದರಮಾವನ ಮಗ ಅನ್ನಕ್ಕ ಏನ್ ಸಾ ರುಜು?" ಎಂದು ಪುಟ್ಟಸಿದ್ದಯ್ಯ ಕೇಳಿದ. "ಮಾತಾಡೋದ್ ನೋಡುದ್ರ ತಮಿಳ್ನವ. ಎಂಡ್ತಿ ತಮಿಳ್ನವ್ಳು. ನಾಳ ಇನ್ಯಾವನೋ ಬಂದು ನಾನೂ ನಿಂಗಯ್ಯನ ಮಗ ಅಂದ್ರ?"

ಕೆಂಪನಂಜಪ್ಪನವರು ಸಂಚಿಕೆ ಬಿಡಿಸಿ, ಸಾಲು ಸಾಲಾಗಿ ಕನ್ನಡ ಮಾಡಿ ಓದಿದರು. ಅದೇ ಪುಟ, ಅದೇ ಹೆಸರು, ಅದೇ ಮುಡಿ ಕೊಟ್ಟ ಸಂಗತಿ.

"ಇಂಗ್ಲೀಷ್ನಲ್ಲಿ ಯಾರ್ ಏನ್ ಬೇಕಾರೂ ಬರೀಬೋದು, ಸಾ."

"ಇದನ್ನ ಹೇಳಿದ್ದು ನಿಮ್ಮವ್ವನೇ ಕಣೋ ಪುಟ್ಟಸಿದ್ದಯ್ಯ. ಯುದ್ಧದ ಕಾಲದಲ್ಲಿ ಇವರು ಬಂದಾಗ ನೀನೂ ಇಲ್ಲೇ ಇದ್ದೆ. ಇವನ ಜೊತೆ ಆಡಿರಬೇಕು ನೀನು."

"ನಾನಾಗ ಸಣ್ಣವ, ಗ್ಯಾನ ಇಲ್ಲ. ನಮ್ಮವ್ವ ಸತ್ತೋದ್ಲು. ಸತ್ತೋರ್ನ ಕರ್ಕಬನ್ನಿ, ಅವ್ಳು ಊ ಅಂದ್ರ ನಾನೂ ಊ ಅಂತೀನಿ."

ಸೇರಿದವರಲ್ಲಿ ಕೆಲವರು ನಕ್ಕರು. ಮಾದಣ್ಣನನ್ನು ಗುರುತು ಹಿಡಿಯಬಲ್ಲ ಇಬ್ಬರು ಮುದುಕರು ಅಲ್ಲೇ ಇದ್ದರು. ಪುಟ್ಟಸಿದ್ದಯ್ಯನ ಎದುರು ಯಾರೂ ಬಾಯಿ ಬಿಡಲಿಲ್ಲ. ಸಮುದ್ರದಾಚೆ ಒಂದು ಸಂಸಾರವನ್ನು ಬೇರು ಸಹಿತ ಕೀಳಲು ಸಾಕಾದ ಮಾತು, ಇಲ್ಲಿ ನಾಲ್ಕು ಕಂಬ ನೆಡುವಷ್ಟು ನೆಲಕ್ಕೆ ಸಾಲಲಿಲ್ಲ.

ಆಮೇಲೆ ಕಚೇರಿಗಳ ಅಲೆದಾಟ ಸುರುವಾಯಿತು. ಸಿಲೋನಿನಿಂದ ಬಂದವರಿಗೆ ಸರ್ಕಾರ ಕೆಲಸವನ್ನೋ ಸಾಲವನ್ನೋ ಕೊಡುತ್ತಿತ್ತು. ಮಾದಣ್ಣನ ಕಾಗದದಲ್ಲಿ ಅವನ ಅಪ್ಪ ಹೇಳಿಸಿದ್ದ ವಿಳಾಸವೇ ಇತ್ತು: ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ, ಮದರಾಸು. ಅಂಥ ಊರು ಈಗ ಭೂಮಿಯ ಮೇಲೆ ಇರಲಿಲ್ಲ. ಇಲ್ಲಿಯ ಕಚೇರಿಯವರು ಮದರಾಸು ಎಂದು ಬರೆದಿದೆ, ಅಲ್ಲಿಗೆ ಹೋಗಿ ಎಂದರು. ಅಲ್ಲಿಯವರು ಕೊಳ್ಳೇಗಾಲ ನಮ್ಮದಲ್ಲ, ಅಲ್ಲಿಗೇ ಹೋಗಿ ಎಂದರು. ಎರಡೂ ಕಡೆ ಕೆಂಪನಂಜಪ್ಪನವರು ಜೊತೆಗಿದ್ದರು. ಎರಡೂ ಕಡೆ ಅವರು 1956ರ ಕತೆ ಬಿಡಿಸಿ ಹೇಳಿದರು. ಗುಮಾಸ್ತರು ತಾಳ್ಮೆಯಿಂದ ಕೇಳಿ, ಬೇರೆ ಕಾಗದ ತನ್ನಿ ಎಂದರು.

ಕೆಂಪಾಜಮ್ಮ ಸಿಲೋನಿನಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದ್ದಳು. ಆಮೇಲೆ ಪ್ರಜೆಗಳ ಮಕ್ಕಳಿಗೆ ಮಾತ್ರ ಎಂದು ತರಬೇತಿಗೆ ಸೇರಿಸಿಕೊಂಡಿರಲಿಲ್ಲ. ಇಲ್ಲಿ ಅವಳು ಪ್ರಜೆಯೇ. ಆದರೆ ಓದಿದ್ದು ತಮಿಳು, ಕನ್ನಡದ ಅಕ್ಷರ ಬಾರದು. ಪುಟ್ಟಬಸಮ್ಮ ಅವಳನ್ನು ಮನೆಯಲ್ಲಿಟ್ಟುಕೊಂಡು ಕನ್ನಡ ಕಲಿಸುತ್ತೇನೆ ಎಂದಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟು, ತಮಿಳಿನಲ್ಲಿ, "ನಿಮ್ಮ ಮನೆಯಲ್ಲಿ ಬೇಡಮ್ಮ" ಎಂದಳು. ಪುಟ್ಟಬಸಮ್ಮ ಮತ್ತೆ ಕೇಳಲಿಲ್ಲ.

ಎರಡು ವರ್ಷ ಮಾದಣ್ಣ ಹೂಗ್ಯಂನಲ್ಲಿ ಕೂಲಿ ಮಾಡಿದ. ಕಲ್ಲು ಹೊತ್ತ, ಕಾಡಿನಿಂದ ಸೀಗೆಕಾಯಿ ತಂದ. ಊರಿನವರು ಅವನನ್ನು 'ಸಿಲೋನ್ ತಮಿಳ' ಎಂದು ಕರೆದರು. ತೋಟದಲ್ಲಿ ಅವನ ಅಪ್ಪನನ್ನು 'ಕನ್ನಡದವನು' ಎಂದು ಕರೆಯುತ್ತಿದ್ದರಂತೆ. ಕೊನೆಗೆ 1974ರಲ್ಲಿ ಒಬ್ಬ ಅಧಿಕಾರಿಗೆ ಬೇಸರವೋ ಕರುಣೆಯೋ ಹುಟ್ಟಿ, ಸುಳ್ಯದ ಕಡೆ ಸರ್ಕಾರದ ರಬ್ಬರ್ ತೋಟಕ್ಕೆ ಸಿಲೋನಿನವರನ್ನು ಸೇರಿಸಿಕೊಳ್ಳುತ್ತಿದ್ದಾರೆಂದು ಚೀಟಿ ಬರೆದುಕೊಟ್ಟ.

ಹೊರಡುವ ದಿನ ಕೆಂಪನಂಜಪ್ಪನವರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಂದರು. ಟ್ರಂಕುಗಳನ್ನು ಬಸ್ಸಿನ ಮೇಲೆ ಕಟ್ಟಿಸಿದರು. ಬೇಸಗೆಯ ಮಧ್ಯಾಹ್ನ, ರಸ್ತೆಯ ಧೂಳು ಕಾದಿತ್ತು.

"ಮೇಷ್ಟ್ರೆ, ಆ ಊರಿನ ಮಾತು ಏನು?" ಎಂದು ಮಾದಣ್ಣ ಕೇಳಿದ.

"ತುಳು. ಕನ್ನಡವೂ ನಡೆಯುತ್ತದೆ."

"ಅದೂ ಕಲೀಬೇಕು ಹಾಗಾದ್ರೆ." ಮಾದಣ್ಣ ನಗಲು ನೋಡಿದ. "ಅಲ್ಲಿಗೆ ಬಂದು ಬರೀಬೇಡಿ."

ಅವನು ಅದನ್ನು ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ಕೆಂಪನಂಜಪ್ಪನವರಿಗೆ ಗೊತ್ತಾಗಲಿಲ್ಲ. ಕೆಂಪಾಜಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಅವಳ ಅಪ್ಪ ಹೇಳುವ ಪ್ರಕಾರ ಅವಳಿಗೆ ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಕೆಲಸ ಸಿಗುವುದಿತ್ತು. ಬಸ್ಸು ಮೈಸೂರಿನ ಕಡೆ ತಿರುಗಿತು. ಅವರಲ್ಲಿ ಯಾರೂ ಮತ್ತೆ ಹೂಗ್ಯಂಗೆ ಬರಲಿಲ್ಲ.

1976ರಲ್ಲಿ ತಾಲ್ಲೂಕು ಮೈಸೂರಿಗೆ ಸೇರಿ ಇಪ್ಪತ್ತು ವರ್ಷವಾಯಿತೆಂದು ಶಾಲೆಯವರು ಸ್ಮರಣ ಸಂಚಿಕೆ ತರಲು ಹೊರಟರು. ಈ ಸೀಮೆಯ ಚರಿತ್ರೆ ಬರೆಯಬಲ್ಲವರು ನೀವೊಬ್ಬರೇ ಎಂದು ಹೆಡ್ ಮಾಸ್ಟರೇ ಮನೆಗೆ ಬಂದು ಕೇಳಿದರು. ಕೆಂಪನಂಜಪ್ಪನವರಿಗೆ ನಿವೃತ್ತಿ ಹತ್ತಿರವಾಗಿತ್ತು. ಆಗುವುದಿಲ್ಲ ಎಂದಷ್ಟೇ ಹೇಳಿ ಕಳಿಸಿದರು.

"ಬರೀಬೋದಿತ್ತು ಕನ್ರಿ," ಎಂದರು ಪುಟ್ಟಬಸಮ್ಮ. "ಅಷ್ಟು ವರ್ಸ ಅಲ್ದಿದ್ದರಿ. ಯಾರಿಗಾರೂ ಉಪಯೋಗ ಆಯ್ತಿತ್ತು."

"ಆಯ್ತದೆ. ಅದೇ ಭಯ."

ಸಂಚಿಕೆಗೆ ಇನ್ನೊಬ್ಬರು ಬರೆದುಕೊಟ್ಟರು. ಅದರಲ್ಲಿ ಗಂಗರಿದ್ದರು, ಹೊಯ್ಸಳರಿದ್ದರು, ಟಿಪ್ಪು ಇದ್ದ, ಕೊನೆಗೆ ವಿಲೀನದ ದಿನದ ಒಂದು ಫೋಟೋ ಇತ್ತು. ಬಿಡುಗಡೆಯ ಸಮಾರಂಭದಲ್ಲಿ ಕೆಂಪನಂಜಪ್ಪನವರಿಗೂ ಒಂದು ಪ್ರತಿ ಕೊಟ್ಟರು. ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎರಡು ಕಡೆ ಇಸವಿ ತಪ್ಪಾಗಿದ್ದುದನ್ನು ನೋಡಿಯೂ ತಿದ್ದದೆ, ಶಾಲೆಯ ಲೈಬ್ರರಿಗೆ ವಾಪಸು ಕೊಟ್ಟರು.